ಬಾಡಿಗೆ ಕುರಿಗಳು

ಲುವ್ಸಂದಾಶನ ಇನ್ನೂರ ಮೂವತ್ತು ಕುರಿಗಳು ಗುಡ್ಡ ದಾಟಿ ನೊರ್ಜ್ಮಾಳ ದೊಡ್ಡಿಗೆ ಬಂದು ಸೇರುವ ಹೊತ್ತಿಗೆ ಸಂಜೆ ಏಳಾಗಿತ್ತು. ಏಪ್ರಿಲ್ ಕೊನೆಯ ವಾರ, ಇನ್ನೂ ಬೆಳಕಿತ್ತು. ಮೋಟಾರ್ ಸೈಕಲ್ಲಿನಲ್ಲಿ ಅವುಗಳ ಹಿಂದೆಯೇ ಬಂದ ಲುವ್ಸಂದಾಶ್ ಇಳಿಯಲಿಲ್ಲ. ಒಂದು ಕಾಲು ನೆಲಕ್ಕೂರಿ ಮಾತಾಡಿದ.

"ನಾಳೆ ಸಂಜೆ ಇವು ಜಿಗ್ಮಿದ್ ಮನೆಗೆ ಹೋಗ್ಬೇಕು. ಅಷ್ಟರೊಳಗೆ ನಿಮ್ಮ ಕೆಲಸ ಮುಗಿಸ್ಕೊಂಡ್ಬಿಡಿ."

"ಬಾಡಿಗೆ ಅದೇ ತಾನೆ?" ಎಂದು ನೊರ್ಜ್ಮಾಳ ಗಂಡ ದೆಂಬೆರೆಲ್ ಕೇಳಿದ.

"ಅದೇ. ಮನೆಗೊಂದು ಹೋತ. ಹಲ್ಲು ಬಿದ್ದಿದ್ದನ್ನ ಕೊಟ್ಟು ಕೈ ತೊಳ್ಕೋಬೇಡ ಮತ್ತೆ."

"ಒಂದು ರಾತ್ರಿಗೆ ಒಂದು ಹೋತ. ರಾಜಧಾನಿ ಹೋಟೆಲಿನವರೂ ಇಷ್ಟು ಕೇಳಲ್ಲ ಅಣ್ಣ."

"ಹೋಟೆಲಲ್ಲಿ ಒಬ್ಬ ಮಲಗ್ತಾನೆ. ಇಲ್ಲಿ ಇನ್ನೂರ ಮೂವತ್ತು ಜನ ಮಲಗ್ತಾರೆ," ಎಂದು ಲುವ್ಸಂದಾಶ್ ಗಾಡಿ ತಿರುಗಿಸಿದ.

ಮರುದಿನ ಪರಿಶೀಲನೆಯಿತ್ತು. ಆಡಿನ ಒಳತುಪ್ಪಳ ಕೊಳ್ಳುವ ವಿದೇಶಿ ಕಂಪನಿಯೊಂದು ಆ ಕಣಿವೆಯ ಒಂಬತ್ತು ಮನೆಗಳನ್ನು ನೋಡಿ ಒಂದು ಪಟ್ಟಿ ಮಾಡುತ್ತಿತ್ತು. ಪಟ್ಟಿಯಲ್ಲಿದ್ದವರಿಗೆ ಸಂತೆಯ ವ್ಯಾಪಾರಿ ಕೊಡುವುದಕ್ಕಿಂತ ಕಿಲೋಗೆ ಮೂವತ್ತು ಸಾವಿರ ತುಗ್ರಿಕ್ ಹೆಚ್ಚು ಸಿಗುತ್ತಿತ್ತು, ಜೊತೆಗೆ ಐದು ವರ್ಷ ಖರೀದಿಯ ಖಾತರಿ. ಷರತ್ತು ಒಂದೇ: ಮಂದೆಯಲ್ಲಿ ಅರ್ಧಕ್ಕಿಂತ ಹೆಚ್ಚು ಆಡು ಇರಬಾರದು. ಆಡು ಹುಲ್ಲನ್ನು ಬೇರುಸಹಿತ ಕೀಳುತ್ತದೆ, ಕಿತ್ತ ಕಡೆ ಮರಳು ಏಳುತ್ತದೆ. ಆ ತುಪ್ಪಳದ ಕ್ಯಾಶ್ಮೀರ್ ಶಾಲು ಹೊದೆಯುವವರಿಗೆ ಈಗ ಆ ಮರಳಿನ ಚಿಂತೆ ಹತ್ತಿತ್ತು. ನೊರ್ಜ್ಮಾಳ ಬಳಿ ಇದ್ದದ್ದು ಇನ್ನೂರ ಅರವತ್ತೆಂಟು ಆಡು, ನಲವತ್ತನಾಲ್ಕು ಕುರಿ. ಬಾಡಿಗೆಯವು ಸೇರಿದರೆ ಕುರಿ ಇನ್ನೂರ ಎಪ್ಪತ್ತನಾಲ್ಕಾಗುತ್ತಿತ್ತು, ಆಡಿಗಿಂತ ಆರು ಹೆಚ್ಚು.

ಗಂಡ ಹೆಂಡತಿ ಫೆಬ್ರವರಿಯಲ್ಲೇ ಒಂದು ತೀರ್ಮಾನಕ್ಕೆ ಬಂದಿದ್ದರು. ಪಟ್ಟಿಗೆ ಸೇರಿದರೆ ಇಲ್ಲೇ ಇರುವುದು. ಸೇರದಿದ್ದರೆ ಈ ವರ್ಷದ ತುಪ್ಪಳ ಬಾಚಿ ಮುಗಿಸಿ, ಮಂದೆ ಮಾರಿ, ದಕ್ಷಿಣದ ಗಣಿಯೂರಿಗೆ ಹೋಗುವುದು. ಅಲ್ಲಿ ದೆಂಬೆರೆಲ್ ಗಡಿಗೆ ಕಲ್ಲಿದ್ದಲು ಸಾಗಿಸುವ ಲಾರಿ ಓಡಿಸುತ್ತಾನೆ, ನೊರ್ಜ್ಮಾ ಏನಾದರೂ ಮಾಡುತ್ತಾಳೆ. ಆ "ಏನಾದರೂ" ಏನೆಂದು ಅವಳಿಗೆ ಗೊತ್ತಿತ್ತು. ಮದುವೆಗೆ ಮುಂಚೆ ಒಂದು ಚಳಿಗಾಲ ಅಲ್ಲಿನ ಕ್ಯಾಂಟೀನಿನಲ್ಲಿ ನಾನೂರು ಜನರ ತಟ್ಟೆ ತೊಳೆದಿದ್ದಳು. ಮನೆಗೆ ಮರಳುವಾಗ ಕೈಬೆರಳುಗಳ ಚರ್ಮ ಸುಲಿದುಹೋಗಿತ್ತು, ಚಳಿಗಾಲವಿಡೀ ಬೇರೆಯವರ ಎಂಜಲು ಬಿಟ್ಟರೆ ಏನನ್ನೂ ನೋಡಿರಲಿಲ್ಲ. ಅಲ್ಲಿಗೆ ಮತ್ತೆ ಹೋಗಲು ಅವಳಿಗೆ ಮನಸ್ಸಿರಲಿಲ್ಲ. ಆದರೆ ಇಲ್ಲೇ ಇರೋಣ ಎನ್ನಲು ಬೇರೆ ಲೆಕ್ಕವೂ ಅವಳ ಹತ್ತಿರ ಇರಲಿಲ್ಲ.

ಆ ನಲವತ್ತನಾಲ್ಕು ಕುರಿ ಅತ್ತೆ ಸೆಂಗೆಯವು. ಸೆಂಗೆಗೆ ಎಪ್ಪತ್ತೆಂಟು ವರ್ಷ. ಸಾಮೂಹಿಕ ಒಕ್ಕೂಟದ ಕಾಲದಲ್ಲಿ ಎಂಟುನೂರು ಕುರಿಗಳ ಮಂದೆ ಅವಳ ಕೈಯಲ್ಲಿತ್ತು, ಎರಡು ಪದಕ ಬಂದಿದ್ದವು. ಆಗ ಕುರಿಯ ಉಣ್ಣೆಯನ್ನು ಸರ್ಕಾರಿ ಗಿರಣಿ ಕೊಳ್ಳುತ್ತಿತ್ತು. ಗಿರಣಿ ಮುಚ್ಚಿತು. ಹೊರಗಿನಿಂದ ಬರುವ ಬಟ್ಟೆ ಅಗ್ಗವಾಯಿತು. ಒಂದು ಕಿಲೋ ಕುರಿ ಉಣ್ಣೆ ಮಾರಿದರೆ ಅದನ್ನು ಸುಮ್ ಎಂಬ ತಾಲೂಕಿನ ಕೇಂದ್ರಕ್ಕೆ ಒಯ್ದ ಪೆಟ್ರೋಲಿನ ಖರ್ಚೂ ಹುಟ್ಟದಂತಾಯಿತು. ಆಡಿನ ತುಪ್ಪಳಕ್ಕೆ ಮಾತ್ರ ಗಡಿಯಾಚೆಯಿಂದ ವ್ಯಾಪಾರಿಗಳು ಬಂದರು. ಮೂರು ಕುರಿಗೊಂದು ಆಡು ಎಂಬ ಹಿರಿಯರ ಲೆಕ್ಕ ಇಪ್ಪತ್ತು ವರ್ಷದಲ್ಲಿ ತಲೆಕೆಳಗಾಯಿತು. ಕುರಿ ಉಳಿಸಿಕೊಳ್ಳಲು ಸಾಧ್ಯವಾದದ್ದು ಲುವ್ಸಂದಾಶನಂಥವರಿಗೆ ಮಾತ್ರ. ಅವನಿಗೆ ಸುಮ್ ಕೇಂದ್ರದಲ್ಲಿ ಪೆಟ್ರೋಲ್ ಬಂಕಿತ್ತು, ಮೂರು ಬಾವಿಗಳಿದ್ದವು. ಈಗ ಕುರಿಗೆ ಮತ್ತೆ ಬೆಲೆ ಬಂದಾಗ ಅವನ ಬಳಿ ಏಳುನೂರು ಇದ್ದವು.

ಪರಿಶೀಲನೆಯ ಜೀಪು ಬೆಳಿಗ್ಗೆ ಹತ್ತಕ್ಕೆ ಬಂತು. ಇಳಿದವರು ಇಬ್ಬರು: ಕಂಪನಿಯ ರಾಜಧಾನಿ ಕಚೇರಿಯ ಉಯಾಂಗಾ, ಮೂವತ್ತರ ಆಸುಪಾಸಿನ ಹೆಂಗಸು, ಮತ್ತು ಕಂಪನಿಯ ಪರವಾಗಿ ಇಟಲಿಯಿಂದ ಬಂದ ಪಾವೊಲೊ, ಕೊರಳಲ್ಲಿ ಕ್ಯಾಮೆರಾ. ಗೆರ್ ಎಂಬ ಕಂಬಳಿ ಹೊದಿಕೆಯ ದುಂಡು ಡೇರೆಯೊಳಗೆ ಉಪ್ಪಿನ ಚಹಾ, ಒಣಮೊಸರಿನ ತುಂಡು, ಹಿಂದಿನ ದಿನ ಬೇಯಿಸಿದ ಮಾಂಸ ಕೊಟ್ಟಿದ್ದಾಯಿತು. ಉಯಾಂಗಾ ಕಾಗದ ತೆಗೆದು ಒಂದೊಂದೇ ಕೇಳಿದಳು. ಆಡು ಎಷ್ಟು, ಕುರಿ ಎಷ್ಟು, ಬಾವಿ ಎಷ್ಟು ದೂರ.

"ಹೆಚ್ಚಿನ ಕುರಿಗಳ ಕಿವಿ ಗುರುತು ಬೇರೆ ಇದೆಯಲ್ಲ?"

"ಕೊಂಡಿದ್ದು," ಎಂದ ದೆಂಬೆರೆಲ್. "ಕೊಂಡ ಕುರಿಗೆ ಹೊಸ ಕಿವಿ ಹಚ್ಚೋಕಾಗುತ್ತಾ?"

ಉಯಾಂಗಾ ನಗಲಿಲ್ಲ, ಬರೆದುಕೊಂಡಳು. ದೊಡ್ಡಿಗೆ ಹೋಗಿ ಎಣಿಸಿದರು. ಇನ್ನೂರ ಎಪ್ಪತ್ತನಾಲ್ಕು ಸರಿಯಾಗಿತ್ತು. ಅಲ್ಲಿಗೆ ಮುಗಿಯಬೇಕಿತ್ತು.

ಮರಿ ಇದ್ದ ಕುರಿಗಳನ್ನು ಲುವ್ಸಂದಾಶ್ ತನ್ನ ಮನೆಯಲ್ಲೇ ಬಿಟ್ಟು, ಬೀಜ ಒಡೆದ ಟಗರುಗಳನ್ನೂ ಈಯಲು ತಡವಾದ ಕೆಲವನ್ನೂ ಕಳಿಸಿದ್ದ. ಅವುಗಳಲ್ಲೊಂದು ಬೆಳಗಿನ ಜಾವ ಈದಿತ್ತು. ಗುಡ್ಡ ಹತ್ತಿ ಇಳಿದ ಆಯಾಸಕ್ಕೋ ಹೊಸ ದೊಡ್ಡಿಯ ಗಾಬರಿಗೋ, ಅದು ಮರಿಯನ್ನು ಹತ್ತಿರ ಸೇರಿಸುತ್ತಿರಲಿಲ್ಲ. ಮರಿ ಬಂದಾಗಲೆಲ್ಲ ತಲೆಯಿಂದ ಗುದ್ದಿ ತಳ್ಳುತ್ತಿತ್ತು. ಪಾವೊಲೊ ಅದನ್ನು ನೋಡಿ ಉಯಾಂಗಾಳ ಕಿವಿಯಲ್ಲಿ ಏನೋ ಹೇಳಿದ.

"ಅಕ್ಕ, ಇಂಥ ಹೊತ್ತಲ್ಲಿ ನಮ್ಮ ಹೆಂಗಸರು ಹಾಡ್ತಾರೆ ಅಂತ ಇವರು ಓದಿದ್ದಾರಂತೆ," ಎಂದಳು ಉಯಾಂಗಾ. "ಒಂದು ಸಲ ಹಾಡ್ತೀರಾ? ಚಿತ್ರ ತೆಗೀತಾರಂತೆ."

"ಹಾಡೋದೇನು ಅದು, ಸುಮ್ನೆ ರಾಗ ಎಳೆಯೋದು," ಎಂದಳು ನೊರ್ಜ್ಮಾ. ಆದರೂ ಕೂತಳು. ಹಿಂದಿನ ದಿನ ಹದಿನೆಂಟು ಆಡು ಬಾಚಿದ್ದಳು. ಕಬ್ಬಿಣದ ಹಣಿಗೆ ಎಳೆದೆಳೆದು ಮಣಿಕಟ್ಟು ಊದಿತ್ತು, ಬೆಳಿಗ್ಗೆ ನಾಲ್ಕಕ್ಕೇ ಎದ್ದಿದ್ದಳು. ಕುರಿಯನ್ನು ಮಂಡಿಯಲ್ಲಿ ಒತ್ತಿ ಹಿಡಿದು, ಮರಿಯ ಬೆನ್ನಿಗೆ ತಾಯಿಯ ಹಾಲು ಸವರಿ, ಅದರ ಮೂಗಿನ ಹತ್ತಿರ ತಂದಳು. ಕಣ್ಣು ಅರ್ಧ ಮುಚ್ಚಿ ರಾಗ ಎತ್ತಿದಳು.

"ಚೂಗ್... ಚೂಗ್... ಚೂಗ್..."

ದನಿ ಚೆನ್ನಾಗಿತ್ತು. ಪಾವೊಲೊ ಕ್ಯಾಮೆರಾ ಹಿಡಿದು ನೆಲಕ್ಕೆ ಮಂಡಿಯೂರಿದ. ನೊರ್ಜ್ಮಾ ಆರೇಳು ಸಲ ಹಾಗೆ ಎಳೆದಿರಬೇಕು. ಆಗ ಗೆರ್‌ನ ಬಾಗಿಲಲ್ಲಿ ಕೂತು ಸೂಜಿಗೆ ದಾರ ಪೋಣಿಸುತ್ತಿದ್ದ ಸೆಂಗೆ ತಲೆಯೆತ್ತದೆಯೇ ಹೇಳಿದಳು:

"ಅದು ಆಡಿಗೆ ಕಣೇ. ಕುರಿಗೆ ತೋಯ್ಗ್ ಅನ್ಬೇಕು."

ಅಲ್ಲಿ ಇದ್ದವರಲ್ಲಿ ಪಾವೊಲೊ ಒಬ್ಬನನ್ನು ಬಿಟ್ಟು ಎಲ್ಲರಿಗೂ ಅರ್ಥವಾಯಿತು. ಆಡಿಗೊಂದು, ಕುರಿಗೊಂದು, ಹಸುವಿಗೊಂದು, ಒಂಟೆಗೊಂದು ಸೊಲ್ಲು. ಆ ಬಯಲಿನಲ್ಲಿ ಹುಟ್ಟಿದ ಯಾರಿಗೂ ಅದನ್ನು ಕಲಿಸಬೇಕಾಗಿಲ್ಲ. ನೊರ್ಜ್ಮಾಗೂ ಗೊತ್ತಿತ್ತು. ಆದರೆ ಒಂಬತ್ತು ವಸಂತ ಅವಳು ಕೂತದ್ದು ಆಡುಗಳ ಮುಂದೆ. ನಲವತ್ತನಾಲ್ಕು ಕುರಿಗಳ ಬಾಣಂತನವನ್ನು ಅತ್ತೆ ಯಾರಿಗೂ ಬಿಟ್ಟುಕೊಡುತ್ತಿರಲಿಲ್ಲ. ದಣಿದ ನಾಲಿಗೆ ಸವೆದ ದಾರಿಯಲ್ಲೇ ಹೋಗಿತ್ತು.

ಸೆಂಗೆ ಸೂಜಿಯನ್ನು ಕಾಲರಿಗೆ ಚುಚ್ಚಿ ಎದ್ದು ಬಂದಳು, ಸೊಸೆಯನ್ನು ಪಕ್ಕಕ್ಕೆ ಸರಿಸಿ ಕೂತಳು. "ತೋಯ್ಗ್, ತೋಯ್ಗ್" ಎಂದು ಒಣ ಗಂಟಲಲ್ಲಿ ಅರ್ಧ ಗಂಟೆ ಹೇಳಿದ ಮೇಲೆ ಕುರಿ ಮರಿಯ ಬಾಲ ಮೂಸಿತು, ಹಾಲು ಬಿಟ್ಟಿತು. ಪಾವೊಲೊ ಪೂರ್ತಿ ಚಿತ್ರ ತೆಗೆದ, ಮುದುಕಿಯ ಕೈ ಹಿಡಿದು ಕುಲುಕಿದ.

ಉಯಾಂಗಾ ನೊರ್ಜ್ಮಾಳನ್ನು ಒಣಸಗಣಿಯ ರಾಶಿಯ ಹಿಂದೆ ಕರೆದೊಯ್ದಳು. ಗಾಳಿಗೆ ಮರೆಯಾಗಿ ಇಬ್ಬರೂ ಕೂತರು.

"ಈ ಕುರಿಗಳು ಎಷ್ಟು ದಿನದಿಂದ ನಿಮ್ಮ ಹತ್ರ ಇವೆ ಅಕ್ಕ?"

"ಚಳಿಗಾಲಕ್ಕೆ ಮುಂಚಿನಿಂದ."

"ಹಾಗಿದ್ದಿದ್ರೆ ಮರಿ ಹಾಕೋ ಈ ಒಂದು ತಿಂಗಳಲ್ಲಿ ನಾಲಿಗೆ ಪಳಗಿರ್ತಿತ್ತು."

ನೊರ್ಜ್ಮಾ ಊದಿದ ಮಣಿಕಟ್ಟು ತಿಕ್ಕಿಕೊಂಡಳು.

"ಆ ಮುರಿದ ಕೊಂಬಿನ ಟಗರಿದೆಯಲ್ಲ, ಅದನ್ನ ಈ ವಾರ ಮೂರನೇ ಸಲ ನೋಡ್ತಿದ್ದೀನಿ. ಲುವ್ಸಂದಾಶಣ್ಣನ ಮನೇಲಿ ಒಂದ್ಸಲ, ದಕ್ಷಿಣದ ಬಾವಿ ಹತ್ರ ಒಂದ್ಸಲ, ಇಲ್ಲಿ. ನಾಳೆ ಜಿಗ್ಮಿದ್ ಮನೇಲೂ ಸಿಗುತ್ತೆ ಅನ್ಸುತ್ತೆ. ಅದಕ್ಕೂ ನನ್ನ ಮುಖ ಪರಿಚಯ ಆಗಿರ್ಬೇಕು."

"ಮತ್ತೆ ಅವರನ್ನೆಲ್ಲ ಯಾಕೆ ಬರ್ಕೊಂಡ್ರಿ?"

"ಅವರ ಮನೇಲಿ ಯಾರೂ ಹಾಡ್ಲಿಲ್ಲ." ಉಯಾಂಗಾ ಕನ್ನಡಕ ತೆಗೆದು ಕಣ್ಣುಜ್ಜಿಕೊಂಡಳು. ಹನ್ನೊಂದು ದಿನದಿಂದ ಜೀಪಿನಲ್ಲೇ ಇದ್ದಳು. "ಜೂನ್ ಒಳಗೆ ನಲವತ್ತು ಮನೆ ಬೇಕು ಅಂತ ನನಗೆ ಹೇಳಿದ್ದಾರೆ. ಅರ್ಧಕ್ಕರ್ಧ ಕುರಿ ಇರೋ ನಲವತ್ತು ಮನೆ ಈ ಇಡೀ ಸುಮ್‌ನಲ್ಲೇ ಇಲ್ಲ. ಹೇಳಿದವರಿಗೂ ಅದು ಗೊತ್ತು. ಈಗ ಇನ್ನೊಂದ್ಸಲ ಕೇಳ್ತೀನಿ. ಎಷ್ಟು ದಿನದಿಂದ ಇವೆ?"

"ಚಳಿಗಾಲಕ್ಕೆ ಮುಂಚಿನಿಂದ."

ಉಯಾಂಗಾ ಹಾಗೆಯೇ ಬರೆದಳು. ನೊರ್ಜ್ಮಾ ಸಹಿ ಮಾಡಿದಳು. ಜೀಪು ಹೋದ ಮೇಲೆ ಸೆಂಗೆ, "ನಾನು ಬಾಯಿ ಮುಚ್ಕೊಂಡಿರ್ಬೇಕಿತ್ತು," ಎಂದಳು.

"ನೀವು ಸುಮ್ನಿದ್ರೂ ಆ ಕುರಿ ಸುಮ್ನಿರ್ತಿರ್ಲಿಲ್ಲ ಬಿಡಿ ಅತ್ತೆ."

ಮೇ ತಿಂಗಳ ಮಧ್ಯದಲ್ಲಿ ಪಟ್ಟಿ ಬಂತು. ಒಂಬತ್ತು ಮನೆಗಳಲ್ಲಿ ಆರರ ಹೆಸರಿತ್ತು, ನೊರ್ಜ್ಮಾಳದ್ದೂ ಇತ್ತು. ದೆಂಬೆರೆಲ್ ಗಣಿಯೂರಿನ ಗೆಳೆಯನಿಗೆ ಫೋನ್ ಮಾಡಿ ಈ ವರ್ಷ ಬರುವುದಿಲ್ಲ ಎಂದ. ಆರು ಮನೆಯವರೂ ಬಾಚಿದ ತುಪ್ಪಳವನ್ನು ಚೀಲದಲ್ಲಿ ತುಂಬಿ ಲುವ್ಸಂದಾಶನ ಗೋದಾಮಿನಲ್ಲಿ ಇಟ್ಟು ಕಂಪನಿಯ ಲಾರಿಗೆ ಕಾದರು.

ಜೂನ್ ಹತ್ತರಂದು ಲಾರಿಯ ಬದಲು ಉಯಾಂಗಾ ಒಬ್ಬಳೇ ಬಂದಳು. ಲುವ್ಸಂದಾಶನ ದೊಡ್ಡ ಗೆರ್‌ನಲ್ಲಿ ಅವನ ಜೊತೆ ಮೂರು ಮನೆಯವರನ್ನು ಕೂರಿಸಿದಳು: ನೊರ್ಜ್ಮಾ ಮತ್ತು ದೆಂಬೆರೆಲ್, ಜಿಗ್ಮಿದ್, ದಕ್ಷಿಣದ ಬಾವಿಯ ಗಂಡಹೆಂಡತಿ. ಅಳಿಯನನ್ನು ನೋಡುವ ನೆಪದಲ್ಲಿ ಸೆಂಗೆಯೂ ಬಂದು ಒಲೆಯ ಹತ್ತಿರ ಕೂತಿದ್ದಳು, ದಕ್ಷಿಣದ ಬಾವಿಯವನು ಅವಳ ತಂಗಿಯ ಅಳಿಯ.

ವಿಷಯ ಸರಳವಾಗಿತ್ತು. ಕಂಪನಿಯವರು ಆರು ಮನೆಗಳ ಎಣಿಕೆಗೆ ಉಳಿದ ಮೂರರದ್ದನ್ನೂ ಸೇರಿಸಿ ಕಣಿವೆಯ ಹುಲ್ಲಿಗೆ ಹೋಲಿಸಿದ್ದರು. ಎಲ್ಲ ಜಾನುವಾರನ್ನೂ ಕುರಿಯ ಲೆಕ್ಕಕ್ಕೆ ತರುವುದು ಪದ್ಧತಿ: ಒಂದು ಕುದುರೆಗೆ ಏಳು ಕುರಿ, ಒಂದು ಹಸುವಿಗೆ ಆರು. ಈ ಕಣಿವೆ ಆರು ಸಾವಿರ ಕುರಿಗಳನ್ನು ತಾಳುತ್ತದೆ. ಕಾಗದದಲ್ಲಿ ಆರು ಸಾವಿರದ ನೂರ ತೊಂಬತ್ತು ಇದ್ದವು. ಮಿತಿ ಮೀರಿದ ಕಣಿವೆಯಿಂದ ಕಂಪನಿ ತುಪ್ಪಳ ಕೊಳ್ಳುವುದಿಲ್ಲ, ಯಾವ ಮನೆಯದ್ದೂ.

"ಅಂದ್ರೆ ಇಲ್ಲದ ಕುರಿಗಳು ನಮ್ಮ ಹುಲ್ಲೆಲ್ಲ ತಿಂದು ಮುಗಿಸಿದ್ವು," ಎಂದ ಜಿಗ್ಮಿದ್.

"ಹೌದು."

"ಮತ್ತೆ ಎಣಿಸಿ."

"ಎಣಿಸಿದ್ರೆ ಮೂರೂ ಮನೆ ಹೋಗುತ್ತೆ, ನನ್ನ ಕೆಲಸಾನೂ ಹೋಗುತ್ತೆ. ಒಂದು ಮನೆಯವರು ಮುಂದೆ ಬಂದು, ಇನ್ನೂರ ಮೂವತ್ತು ಕುರಿ ನಮ್ಮವಲ್ಲ, ಬಾಡಿಗೆಗೆ ತಂದಿದ್ವಿ ಅಂತ ಬರ್ಕೊಟ್ರೆ ಲೆಕ್ಕ ಮಿತಿಯೊಳಗೆ ಬರುತ್ತೆ. ಉಳಿದ ಐದು ಮನೆ ಉಳೀತದೆ. ಲಾರಿ ಮುಂದಿನ ವಾರವೇ ಬರುತ್ತೆ."

"ಬರ್ಕೊಟ್ಟವರು?"

"ಮೂರು ವರ್ಷ ಪಟ್ಟಿಯಿಂದ ಹೊರಗೆ."

ಲುವ್ಸಂದಾಶನ ಹೆಂಡತಿ ಮತ್ತೊಂದು ಸುತ್ತು ಚಹಾ ಹಾಕಿದಳು. ಕೊನೆಗೆ ಜಿಗ್ಮಿದ್ ಬಟ್ಟಲಿನತ್ತ ನೋಡುತ್ತಲೇ ಶುರುಮಾಡಿದ.

"ತಪ್ಪು ತಿಳ್ಕೋಬೇಡ ನೊರ್ಜ್ಮಾ. ಆ ಪಾವೊಲೊ ತೆಗೆದ ಚಿತ್ರ ಕಂಪನಿ ಕಚೇರೀಲಿ ಎಲ್ಲರೂ ನೋಡಿದ್ದಾರಂತೆ. ಕುರಿಗೆ ಚೂಗ್ ಅನ್ನೋಳು ಯಾರಿವಳು ಅಂತ ಅಲ್ಲಿನ ಡ್ರೈವರೂ ನಕ್ಕನಂತೆ. ಹೌದಾ ತಂಗಿ?"

"ಹೌದು," ಎಂದಳು ಉಯಾಂಗಾ.

"ನಾವು ಬರ್ಕೊಟ್ರೂ ನಾಳೆ ಯಾರಾದ್ರೂ ನಿನ್ನನ್ನೇ ಕೇಳೋದು. ಹೇಗೂ ಆಗಿದ್ದಾಗಿದೆ..."

"ಹೇಗೂ ಬಾಯಿ ಹೋಗಿದೆ, ತಲೇನೂ ಹೋಗ್ಲಿ ಅಂತೀಯಾ," ಎಂದಳು ನೊರ್ಜ್ಮಾ.

ದೆಂಬೆರೆಲ್ ಏಳಲು ನೋಡಿದ. ಅವಳು ಅವನ ತೋಳು ಹಿಡಿದು ಕೂರಿಸಿದಳು. ಜಿಗ್ಮಿದ್ ಹೇಳಿದ್ದು ನಿಜವೆಂದು ಅವಳಿಗೆ ಅನ್ನಿಸಿತ್ತು. ನಾಲ್ಕೂ ಮನೆ ಮಾಡಿದ್ದು ಒಂದೇ ಕೆಲಸ, ಸಾಕ್ಷಿ ಇದ್ದದ್ದು ಅವಳ ಮೇಲೆ ಮಾತ್ರ. ಹಟ ಹಿಡಿದರೆ ಎಲ್ಲರೂ ಮುಳುಗುತ್ತಾರೆ, ಅವಳೂ ಸೇರಿ. ಕ್ಯಾಂಟೀನಿನ ತಟ್ಟೆಗಳ ರಾಶಿ ಅವಳ ಕಣ್ಣಮುಂದೆ ಬಂತು. ಆಮೇಲೆ ಅವಳು ಕೇಳಿದ್ದು ಉಯಾಂಗಾಳನ್ನು.

"ಮೂರು ವರ್ಷ ಆದ್ಮೇಲೆ ನಿಜವಾಗ್ಲೂ ಅರ್ಧ ಕುರಿ ಇದ್ರೆ ಮತ್ತೆ ಸೇರಿಸ್ಕೊಳ್ತೀರಾ?"

"ನಿಯಮ ಬದಲಾಗದಿದ್ರೆ ಸೇರಿಸ್ಕೊಳ್ತಾರೆ. ನಾನಿರ್ತೀನೋ ಇಲ್ವೋ."

"ಹಾಗಾದ್ರೆ ನೂರು ಕುರಿ ಕೊಡಿ," ಎಂದಳು ನೊರ್ಜ್ಮಾ ಉಳಿದವರಿಗೆ. "ಬಾಡಿಗೆಗಲ್ಲ."

ಉಯಾಂಗಾ ತಕ್ಷಣ ಎದ್ದಳು. "ಫೋನಿಗೆ ಸಿಗ್ನಲ್ ಸಿಗುತ್ತಾ ನೋಡ್ಕೊಂಡು ಬರ್ತೀನಿ. ನಾನೇನೂ ಕೇಳಿಲ್ಲ." ಹೊರಗೆ ಹೋಗಿ ಬಾಗಿಲು ಮುಚ್ಚಿದಳು.

"ನೂರು ಕುರಿ," ಎಂದು ಲುವ್ಸಂದಾಶ್ ನಕ್ಕ. "ನಾನೇನು ತಪ್ಪು ಮಾಡಿದ್ದೀನಿ? ನನ್ನ ಕುರಿ ನನ್ನ ಹತ್ರಾನೇ ಇತ್ತು."

"ಮೂರು ಹೋತ ಹೊಡ್ಕೊಂಡ್ರಿ ಅಣ್ಣ. ನಿಮ್ಮ ನೂರೈವತ್ತು ಕಿಲೋ ತುಪ್ಪಳ ಗೋದಾಮಲ್ಲಿ ಕೂತಿದೆ. ನಮ್ಮದೋ ಎಂಬತ್ತು ಕಿಲೋ. ಲಾರಿ ಬರದಿದ್ರೆ ಯಾರಿಗೆ ಜಾಸ್ತಿ ನಷ್ಟ, ನೀವೇ ಹೇಳಿ."

"ಇಪ್ಪತ್ತು ಕೊಡ್ತೀನಿ."

"ಇಪ್ಪತ್ತಕ್ಕೆ ನನ್ನ ಬಾಯಿ ಇನ್ನೂ ತಪ್ಪಬಹುದು. ಮುರಿದ ಕೊಂಬಿನ ಟಗರಿನ ಕಥೆನೂ ಹೊರಗೆ ಬರಬಹುದು."

ಮಾತು ಎರಡು ಗಂಟೆ ನಡೆಯಿತು. ದಕ್ಷಿಣದ ಬಾವಿಯ ಹೆಂಗಸು ಒಮ್ಮೆ ಅತ್ತಳು, ತಮ್ಮ ಮನೆಯಲ್ಲಿ ಇರುವುದೇ ಮೂವತ್ತು ಕುರಿ ಎಂದಳು. ಅದು ನಿಜವಾಗಿತ್ತು. ಅವರಿಂದ ಐದೇ ಸಾಕು ಎಂದು ನೊರ್ಜ್ಮಾ ಒಪ್ಪಿದಳು. ಜಿಗ್ಮಿದ್ ಹದಿನೈದಕ್ಕೆ ಬಂದ. ಲುವ್ಸಂದಾಶ್ ನಲವತ್ತಕ್ಕೆ ನಿಂತ, ಅದರಾಚೆ ಒಂದು ಬಾಲವನ್ನೂ ಕೊಡುವುದಿಲ್ಲ ಎಂದ. ಒಟ್ಟು ಅರವತ್ತು.

"ಎಲ್ಲ ಹೆಣ್ಣು," ಎಂದಳು ಸೆಂಗೆ ಒಲೆಯ ಹತ್ತಿರದಿಂದ. ಅಲ್ಲಿಯವರೆಗೆ ಅವಳು ಬಾಯಿ ತೆರೆದಿರಲಿಲ್ಲ. "ನಾನೇ ಆರಿಸ್ತೀನಿ. ಬಾಯಿ ತೆಗೆಸಿ ನೋಡ್ತೀನಿ ಒಂದೊಂದನ್ನೂ."

"ಸಹಿ ಈಗ್ಲೇ ಮಾಡ್ಬಿಡು," ಎಂದ ಲುವ್ಸಂದಾಶ್. "ಕುರಿ ನಾಳೆ ಕಳಿಸ್ತೀನಿ."

"ನಾಳೆ ಸಹಿ ಮಾಡ್ತೀನಿ," ಎಂದಳು ನೊರ್ಜ್ಮಾ.

ಉಯಾಂಗಾ ಆ ರಾತ್ರಿ ಅಲ್ಲೇ ಉಳಿದಳು. ಮರುದಿನ ಹನ್ನೊಂದರವರೆಗೆ ಸೆಂಗೆ ದೊಡ್ಡಿಯಲ್ಲಿ ಕೂತು ತುಟಿ ಎತ್ತಿ ಹಲ್ಲು ನೋಡಿದಳು, ಕೆಚ್ಚಲು ಹಿಡಿದು ನೋಡಿದಳು, ಎಂಟನ್ನು ತಿರುಗಿಸಿ ಕಳಿಸಿದಳು. ಅರವತ್ತನೆಯದು ಹೊರಗೆ ಬಂದ ಮೇಲೆ ನೊರ್ಜ್ಮಾ ಜೀಪಿನ ಬಾನೆಟ್ಟಿನ ಮೇಲೆ ಕಾಗದವಿಟ್ಟು ಬರೆದಳು: ಏಪ್ರಿಲ್ ಪರಿಶೀಲನೆಯ ದಿನ ನಮ್ಮ ದೊಡ್ಡಿಯಲ್ಲಿದ್ದ ಇನ್ನೂರ ಮೂವತ್ತು ಕುರಿ ನಮ್ಮವಲ್ಲ. ಯಾರವು ಎಂದು ಬರೆಯಲಿಲ್ಲ, ಉಯಾಂಗಾ ಕೇಳಲಿಲ್ಲ.

"ಕಚೇರೀಲಿ ಏನಂತಾರೋ," ಎಂದಳು ಉಯಾಂಗಾ ಕಾಗದ ಮಡಿಸುತ್ತ. "ಹೋಗ್ತೀನಕ್ಕ. ಇನ್ನೂ ಎರಡು ಕಣಿವೆ ಇವೆ."

ಅರವತ್ತು ಕುರಿಗಳನ್ನು ಹೊಡೆದುಕೊಂಡು ಗಂಡಹೆಂಡತಿ ಗುಡ್ಡ ಹತ್ತಿದರು. ಸೆಂಗೆ ಮುಂದೆ ಕುದುರೆಯ ಮೇಲಿದ್ದಳು. ತುಪ್ಪಳದ ಚೀಲಗಳು ಇನ್ನು ಸಂತೆಯ ವ್ಯಾಪಾರಿಗೇ ಹೋಗಬೇಕು. ಆ ದುಡ್ಡಿನಲ್ಲಿ ಸುಮ್ ಕೇಂದ್ರದ ಶಾಲೆಯಲ್ಲಿ ಓದುವ ಮಗಳ ಹಾಸ್ಟೆಲು, ಹಿಟ್ಟು, ಚಳಿಗಾಲದ ಮೇವು ಮೂರೂ ಆಗುವುದಿಲ್ಲ. ಯಾವುದಾದರೂ ಎರಡು ಆದೀತು.

"ನಾವು ಫೆಬ್ರವರೀಲಿ ಒಂದು ಮಾತಾಡಿದ್ವಿ," ಎಂದ ದೆಂಬೆರೆಲ್ ಅರ್ಧ ದಾರಿಯಲ್ಲಿ. "ಪಟ್ಟಿ ತಪ್ಪಿದ್ರೆ ಮಾರಿ ಹೊರಡೋದು ಅಂತ."

"ಆಗ ಇವು ಇರ್ಲಿಲ್ಲ."

"ಅರವತ್ತು ಕುರಿಯಿಂದ ಏನಾಗುತ್ತೆ?"

"ನಲವತ್ತನಾಲ್ಕು ಮರೆತೆಯಾ? ನೂರನಾಲ್ಕು. ಮೂರು ಚಳಿಗಾಲ ಉಳಿದ್ರೆ ಇವೇ ಇನ್ನೂರು ದಾಟ್ತವೆ. ವರ್ಷಕ್ಕಿಷ್ಟು ಅಂತ ಆಡು ಮಾರ್ತಾ ಬರೋಣ."

"ಉಳಿದ್ರೆ."

"ಹೂಂ. ಉಳಿದ್ರೆ."

ಅವನು ನಿಂತು ಬೂಟಿನೊಳಗೆ ಹೊಕ್ಕ ಕಲ್ಲನ್ನು ತೆಗೆದ. "ಅಲ್ಲೀವರೆಗೆ ತಿನ್ನೋದು?"

"ನೀನು ಲಾರಿಗೆ ಹೋಗು. ನಾನೂ ಅತ್ತೆನೂ ಇಲ್ಲಿರ್ತೀವಿ."

ಇದನ್ನು ಅವನು ನಿರೀಕ್ಷಿಸಿದ್ದನೋ ಏನೋ, ತಿರುಗಿ ವಾದಿಸಲಿಲ್ಲ. ಗಡಿಯಲ್ಲಿ ಲಾರಿಗಳ ಸಾಲು ಒಮ್ಮೊಮ್ಮೆ ಹತ್ತು ದಿನ ಅಲುಗುವುದಿಲ್ಲ, ಚಾಲಕರು ಸೀಟಿನಲ್ಲೇ ಮಲಗಿ ಸೀಟಿನಲ್ಲೇ ಉಣ್ಣುತ್ತಾರೆ. ಅದನ್ನು ಇಬ್ಬರೂ ಬಲ್ಲರು. ಮೂರು ಚಳಿಗಾಲವೆಂದರೆ ಮಗಳಿಗೆ ಹನ್ನೊಂದಾಗುತ್ತದೆ.

"ಗೆಳೆಯನಿಗೆ ಫೋನ್ ಮಾಡ್ತೀನಿ," ಎಂದ. "ಜಾಗ ಇನ್ನೂ ಇದ್ರೆ ಆಗಸ್ಟಲ್ಲೇ ಬಾ ಅಂತಾನೆ."

"ಆಗಸ್ಟ್ ಬೇಡ. ಹುಲ್ಲು ಕೊಯ್ದು ಒಟ್ಟಿ ಹೋಗು. ನನ್ನ ಮಣಿಕಟ್ಟಲ್ಲಿ ಕುಡುಗೋಲು ಹಿಡಿಯೋಕಾಗಲ್ಲ."

ಕುರಿಗಳು ಹೊಸ ದಾರಿಯಲ್ಲಿ ಹಿಂದಕ್ಕೆ ತಿರುಗಲು ನೋಡುತ್ತಿದ್ದವು. ಅವನು ಎಡಕ್ಕೆ ಹೋದ, ಅವಳು ಬಲಕ್ಕೆ ಹೋದಳು. ಎರಡೂ ಕಡೆಯಿಂದ ಅವುಗಳನ್ನು ಕೂಡಿಸಿಕೊಂಡು ಇಳಿಜಾರಿಗೆ ಬಿಟ್ಟರು.